ಕುರಿಗಳು ಹಿಡಿಯುವ ಹುಲಿ

ಬೆಳಗಾವಿ ಜಿಲ್ಲೆಯ ಖಾನಾಪುರ ತಾಲೂಕಿನ ಕಾಡಂಚಿನ ಊರುಗಳಲ್ಲಿ ಹುಲಿ ಬರೀ ಕಥೆಯ ಪ್ರಾಣಿಯಲ್ಲ. 2011ರಲ್ಲಿ ವನ್ಯಜೀವಿಧಾಮವಾದ ಭೀಮಗಡ ಅದೇ ತಾಲೂಕಿನಲ್ಲಿದೆ. ಆದರೆ ಹುಲಿ-ಕುರಿ ಆಟದಲ್ಲಿ ಹುಲಿಯನ್ನು ಕಟ್ಟಿಹಾಕುವುದು ಕುರಿಗಳೇ.

ಕಟ್ಟೆಯ ಮೇಲೆ ಇದ್ದಿಲಿನಿಂದ ಮನೆ ಬರೆದರಾಯಿತು. ಹೆಂಚಿನ ಚೂರು 3, ಅವು ಹುಲಿ. ಹುಣಸೆಬೀಜ 15, ಅವು ಕುರಿ. ಪಕ್ಕದ ಕುರಿಯನ್ನು ನೇರ ಗೆರೆಯಲ್ಲಿ ಹಾರಿ ಆಚೆಯ ಖಾಲಿ ಮನೆಗೆ ಇಳಿದರೆ ಹುಲಿ ಅದನ್ನು ತಿಂದಂತೆ. ಆ ಕುರಿಯ ಬೆನ್ನಿಗೆ ಇನ್ನೊಂದು ಕುರಿ ನಿಂತಿದ್ದರೆ ಹಾರುವಂತಿಲ್ಲ. ಕುರಿಗೆ ಹಾರುವ ಹಕ್ಕೇ ಇಲ್ಲ, ದಾರಿ ಮುಚ್ಚುವುದೊಂದೇ ಅದರ ಬಲ. ಅಷ್ಟರಿಂದಲೇ ಅದು ಗೆಲ್ಲುತ್ತದೆ ಎಂಬುದು ನನಗೆ ಬಹಳ ಪ್ರಿಯವಾದ ಸಂಗತಿ.

ಚೀನಾದಲ್ಲಿ ಹುಟ್ಟಿದ ಗೋ ಆಟದ ಜೀವವೂ ಹೀಗೆ ದಾರಿ ಮುಚ್ಚುವುದೇ. ಉದ್ದಕ್ಕೆ 19, ಅಡ್ಡಕ್ಕೆ 19 ಗೆರೆ. ಗೆರೆಗಳು ಕೂಡುವಲ್ಲಿ ಕಾಯಿ ಇಡಬೇಕು. ಕಾಯಿಯ ಪಕ್ಕ ಗೆರೆಗುಂಟ ಇರುವ ಖಾಲಿ ಜಾಗವೇ ಅದರ ಉಸಿರು. ನಡುವಿನ ಒಂಟಿ ಕಾಯಿಗೆ 4 ಉಸಿರು, ಅಂಚಿನಲ್ಲಿ 3, ಮೂಲೆಯಲ್ಲಿ ಬರೀ 2. ಅಷ್ಟನ್ನೂ ಎದುರಾಳಿ ತುಂಬಿದರೆ ಕಾಯಿ ಸೆರೆಯಾಗಿ ಹಲಗೆಯಿಂದ ಹೊರಬರುತ್ತದೆ. ಗೆರೆಗುಂಟ ಪಕ್ಕಪಕ್ಕ ನಿಂತ ಒಂದೇ ಬಣ್ಣದ ಕಾಯಿಗಳು ಉಸಿರು ಹಂಚಿಕೊಳ್ಳುತ್ತವೆ. ಓರೆಯಾಗಿ ನಿಂತರೆ ಆ ನಂಟಿಲ್ಲ. ಹೊಸಬರು ಎಡವುವುದು ಇಲ್ಲಿಯೇ.

ಬೆಳಗಾವಿಯಲ್ಲಿ ಮಕ್ಕಳಿಗೆ ಚೆಸ್ ಕಲಿಸುವ ತಾಯಿ-ತಂದೆಯರೇ, ರಜೆಯಲ್ಲಿ ಹುಲಿ-ಕುರಿ ಆಟವನ್ನೂ ಕಲಿಸಿ. ಮೊದಲ ಆಟಕ್ಕೆ ಮಗುವಿನ ಕೈಗೆ ಕುರಿಗಳನ್ನೇ ಕೊಡಿ. ಹೊರಗಿನ ಅಂಚಿನಿಂದ ಒಂದೊಂದಾಗಿ ಇಡುತ್ತ ಬರಲಿ. ಅಲ್ಲಿ ಹುಲಿಗೆ ಹಾರಿ ಇಳಿಯಲು ಜಾಗ ಕಡಿಮೆ.