ದೋಣಿಯ ಕಟಕಟೆ



ಮಂಗಳೂರಿನ ಹಳೆ ಬಂದರಿನಿಂದ ಬೆಂಗರೆಗೆ ಜನ ದೋಣಿಯಲ್ಲಿ ದಾಟುತ್ತಾರೆ. ನಮ್ಮ ಕರಾವಳಿಯಲ್ಲಿ ಇಂಥ ಕಡವುಗಳು ಇನ್ನೂ ಇವೆ. ದೋಣಿ ಅಲುಗಿದರೆ ನಮ್ಮ ಕೈ ಎಲ್ಲಿಗೆ ಹೋಗುತ್ತದೆ? ಕಟಕಟೆಯ ಕಂಬಿಗೆ. ಮಕ್ಕಳು ಒರಗುವುದೂ ಅದಕ್ಕೇ. ಆ ಕಂಬಿ ಗಟ್ಟಿ ಇದೆಯಾ ಅಂತ ನೋಡಿದ್ದೇವಾ?

ಉಪ್ಪಿನಕಾಯಿಯನ್ನು ಭರಣಿಯಲ್ಲಿ ಹಾಕುತ್ತೇವೆ, ಕಬ್ಬಿಣದ ಡಬ್ಬದಲ್ಲಿ ಹಾಕುವುದಿಲ್ಲ. ಯಾಕೆ? ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಅಳಿವೆಯ ನೀರೂ ಉಪ್ಪೇ. ಉಬ್ಬರ ಬಂದಾಗ ಕಡಲ ನೀರು ಹೊಳೆಗೆ ನುಗ್ಗುತ್ತದೆ.

ಕಂಬಿ ನಡುವಿನಲ್ಲಿ ಮುರಿಯುವುದು ಕಡಿಮೆ. ಹೋಗುವುದು ಬುಡ. ಬುಡದ ತಟ್ಟೆಯ ಅಡಿಯಲ್ಲಿ ನೀರು ನಿಲ್ಲುತ್ತದೆ. ಬೋಲ್ಟು ಒಳಗೊಳಗೇ ಸವೆಯುತ್ತದೆ. ಮೇಲೆ ಬಣ್ಣ ಚೆಂದ ಕಾಣುತ್ತದೆ! ತುಕ್ಕಿನ ಮೇಲೆ ಬಳಿದ ಬಣ್ಣ ನಿಲ್ಲುವುದಿಲ್ಲ. ಹಗ್ಗದಿಂದ ಕಟ್ಟಿದರೂ ಅದು ರಿಪೇರಿ ಅಲ್ಲ, ಒಂದು ದಿನದ ಉಪಾಯ.

ಹಾಗಾದರೆ ರಿಪೇರಿ ಹೇಗೆ? ಮೊದಲು ಬೋಲ್ಟು ಬಿಚ್ಚಬೇಕು. ಬಿಗಿದುಕೊಂಡಿದ್ದರೆ ಎಣ್ಣೆ ಬಿಟ್ಟು ಒಂದು ರಾತ್ರಿ ಕಾಯಬೇಕು. ಅಡಿಯ ಮರವನ್ನು ಚೂಪು ಮೊಳೆಯಿಂದ ಚುಚ್ಚಿ ನೋಡಬೇಕು. ಮೆತ್ತಗಿದ್ದರೆ ಮರ ಕೊಳೆತಿದೆ, ಅದನ್ನೂ ಬದಲಿಸಬೇಕು. ಕೊಳೆತ ಮರಕ್ಕೆ ಹೊಸ ಸ್ಕ್ರೂ ಹಾಕಿದರೆ ದುಡ್ಡು ನೀರಿಗೆ. ಸ್ಕ್ರೂಗಿಂತ ಮರದ ಆಚೆ ಬದಿಗೆ ತೂರುವ ಬೋಲ್ಟು ಒಳ್ಳೆಯದು. ಅಡಿಗೆ ಅಗಲದ ವಾಶರ್, ಆಮೇಲೆ ನಟ್ಟು.

ಸ್ಟೀಲಿನ ತಟ್ಟೆಗೆ ಕಬ್ಬಿಣದ ಬೋಲ್ಟು ಹಾಕಬಾರದು. ಉಪ್ಪು ನೀರಿನಲ್ಲಿ ಈ ಎರಡು ಲೋಹ ಒಟ್ಟಿಗೆ ಇದ್ದರೆ ಕಬ್ಬಿಣ ಬೇಗ ಸವೆಯುತ್ತದೆ. ಎರಡೂ ಸ್ಟೀಲೇ ಇರಲಿ.

ಸ್ಟೀಲಿನಲ್ಲೂ ಜಾತಿ ಇದೆ. ಅಡುಗೆಮನೆಯ ಪಾತ್ರೆಗೆ 304 ಸಾಕು. ಕಡಲಿನ ಉಪ್ಪನ್ನು ಹೆಚ್ಚು ತಡೆಯುವುದು 316. ಒಳ್ಳೆಯ ಬೋಲ್ಟಿನ ತಲೆಯ ಮೇಲೆ ಅಕ್ಷರ ಒತ್ತಿರುತ್ತಾರೆ. ಎ2 ಅಂದರೆ 304ರ ಜಾತಿ, ಎ4 ಅಂದರೆ 316ರ ಜಾತಿ. ಅಂಗಡಿಯವರು "ಎಲ್ಲಾ ಒಂದೇ ಅಮ್ಮಾ" ಅನ್ನಬಹುದು. ಒಂದೇ ಅಲ್ಲ. ಈಗ ನಮಗೆ ಅಂಕಿ ಓದಲು ಬರುತ್ತದಲ್ಲ? ಬಿಲ್ಲಿನಲ್ಲಿ 316 ಅಂತ ಬರೆಸಿ ತರೋಣ. ಬೆಲೆ ಜಾಸ್ತಿ, ನಿಜ. ನಾಲ್ಕು ಬೋಲ್ಟಿಗೆ ಎಷ್ಟು ಜಾಸ್ತಿಯಾದೀತು?

ವೆಲ್ಡಿಂಗ್ ಬೇಕಾದರೆ ಕಂಬಿಯನ್ನು ಬಿಚ್ಚಿ ದಡಕ್ಕೆ ತರಬೇಕು. ದೋಣಿಯಲ್ಲಿ ಡೀಸೆಲ್ ಇರುತ್ತದೆ, ಕಿಡಿ ಹಾರಿದರೆ ಅಪಾಯ. ಕಂಬಿಗೆ ಸತುವಿನ ಲೇಪ ಇದ್ದರೆ ವೆಲ್ಡಿಂಗಿನ ಜಾಗದಲ್ಲಿ ಮೊದಲು ಉಜ್ಜಿ ತೆಗೆಯಬೇಕು. ಆ ಹೊಗೆ ಕುಡಿದರೆ ಚಳಿಜ್ವರ ಬರುತ್ತದೆ.

ರಿಪೇರಿ ಆಗುವವರೆಗೆ ಆ ಬದಿಯಲ್ಲಿ ಯಾರೂ ಕೂರಬಾರದು. ಮಕ್ಕಳನ್ನು ನಡುವೆ ಕೂರಿಸಿ. ದೋಣಿಯವರಿಗೆ ಬಾಯಲ್ಲಿ ಹೇಳಿದರೆ ಮರೆಯುತ್ತಾರೆ. ಒಂದು ಚೀಟಿ ಬರೆದು ಕೊಡೋಣ: "ಎಡಬದಿಯ ಎರಡನೇ ಕಂಬ ಅಲುಗುತ್ತದೆ. ಬೋಲ್ಟು ಬದಲಿಸಿ." ಕೆಳಗೆ ನಮ್ಮೆಲ್ಲರ ಸಹಿ, ತಾರೀಕು. ಈಗ ಪಾಟಿ ತೆಗೆಯಿರಿ, ಅದನ್ನೇ ಮೊದಲು ಬರೆದು ನೋಡೋಣ.