ಮಾತ್ರೆ ಹೋಯಿತು, ಗಂಧೆ ಯಾಕೆ ಉಳಿಯಿತು?

ಹೊಸಪೇಟೆಯ ಒಬ್ಬ ಹುಡುಗನಿಗೆ ಅಮಾಕ್ಸಿಸಿಲಿನ್ ಮಾತ್ರೆ ಮೈಗೆ ಒಗ್ಗಲಿಲ್ಲ ಅಂತ ಇಟ್ಟುಕೊಳ್ಳೋಣ. ನುಂಗಿದ ಅರ್ಧ ಗಂಟೆಯೊಳಗೆ ಮೈತುಂಬ ಗಂಧೆ ಎದ್ದಿತು, ತುಟಿ ಊದಿತು, ಉಸಿರಾಡುವುದೇ ಕಷ್ಟವಾಯಿತು. ಮನೆಯವರು 108ಕ್ಕೆ ಫೋನ್ ಮಾಡಿದರು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಲಿನ್ ಚುಚ್ಚಿದರು, ಹುಡುಗ ಉಳಿದ. ಆ ಮಾತ್ರೆಯನ್ನು ಅವನು ಮತ್ತೆ ಮುಟ್ಟಿಲ್ಲ. ಆದರೂ ವಾರ ಕಳೆದ ಮೇಲೂ ಸಂಜೆಯಾದರೆ ಗಂಧೆ ಏಳುತ್ತದೆ. ಮಧ್ಯಾಹ್ನ ತಿಂದ ಬದನೆಕಾಯಿಯೇ ಕಾರಣ ಎನ್ನುತ್ತಾರೆ ಅಜ್ಜಿ. ಪಾಪ, ಬದನೆಕಾಯಿ!

ಮಾತ್ರೆಯನ್ನೂ ಈಗ ದೂರುವಂತಿಲ್ಲ. ಅದರ ಬಹುಪಾಲು ಒಂದೇ ದಿನದಲ್ಲಿ ಮೂತ್ರದ ಜೊತೆ ಹೊರಗೆ ಹೋಗಿಬಿಟ್ಟಿರುತ್ತದೆ. ನಾವು ನೋಡಬೇಕಾದ್ದು ಚರ್ಮದ ಒಳಗೆ. ಅಲ್ಲಿ ಮಾಸ್ಟ್ ಕೋಶಗಳಿವೆ. 1878ರಲ್ಲಿ ಜರ್ಮನಿಯ ಪಾಲ್ ಎರ್ಲಿಕ್ ಇವನ್ನು ಗುರುತಿಸಿ ಹೆಸರಿಟ್ಟಾಗ ಅವನಿಗೆ ಬರೀ ಇಪ್ಪತ್ನಾಲ್ಕು ವರ್ಷ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೋಶದ ತುಂಬ ಕಣಗಳೇ ಕಣಗಳು! ಆ ಕಣಗಳಲ್ಲಿರುವುದು ಹಿಸ್ಟಮೀನ್. ಅದು ಹೊರಗೆ ಚೆಲ್ಲಿದರೆ ಸಣ್ಣ ರಕ್ತನಾಳಗಳು ಹಿಗ್ಗಿ ಸೋರುತ್ತವೆ, ಚರ್ಮ ಉಬ್ಬುತ್ತದೆ, ನರ ಕೆರಳಿ ತುರಿಕೆ ಶುರುವಾಗುತ್ತದೆ.

ದರೋಜಿ ಕಡೆಯ ಶೇಂಗಾ ಹೊಲಕ್ಕೆ ಒಂದು ರಾತ್ರಿ ಕರಡಿ ನುಗ್ಗಿತು ಎನ್ನಿ. ಮರುದಿನದಿಂದ ಹೊಲ ಕಾಯುವವನು ಎಲೆ ಅಲುಗಿದರೂ ಡಬ್ಬಿ ಬಡಿಯುತ್ತಾನೆ. ದೊಡ್ಡ ಅಲರ್ಜಿ ಆದಮೇಲೆ ಕೆಲವರ ಮಾಸ್ಟ್ ಕೋಶಗಳೂ ಕೆಲವು ದಿನ, ಒಮ್ಮೊಮ್ಮೆ ಕೆಲವು ವಾರ ಹೀಗೇ ಇರುತ್ತವೆ. ಹಂಪಿಯ ಹೇಮಕೂಟವನ್ನು ಬಿಸಿಲಲ್ಲಿ ಹತ್ತಿದ್ದು, ಚಡ್ಡಿಯ ಬಿಗಿ ಎಲಾಸ್ಟಿಕ್, ಸಣ್ಣ ಜ್ವರ, ಕೆಲವು ನೋವಿನ ಮಾತ್ರೆ, ಇಷ್ಟೇ ಸಾಕು. ಗಂಧೆಗೆ ಕಂಬಳಿ ಹೊದಿಸಿ ಉಜ್ಜುವ ಪದ್ಧತಿ ನಮ್ಮಲ್ಲಿದೆಯಲ್ಲ, ಅದನ್ನು ನಾನಂತೂ ಒಪ್ಪುವುದಿಲ್ಲ. ಶಾಖ, ಉಜ್ಜುವಿಕೆ ಎರಡೂ ಆ ಕೋಶಗಳನ್ನು ಕೆಣಕುತ್ತವೆ. ತಣ್ಣೀರಿನ ಬಟ್ಟೆ ವಾಸಿ. ಹಿಸ್ಟಮೀನನ್ನು ತಡೆಯುವ ಮಾತ್ರೆಯನ್ನು ಎಷ್ಟು ದಿನ ನುಂಗಬೇಕೆಂದು ವೈದ್ಯರೇ ಹೇಳಬೇಕು.

ಗಂಧೆ ಎದ್ದಾಗ ಅದರ ಸುತ್ತ ಪೆನ್ನಿನಿಂದ ಮೆಲ್ಲಗೆ ಒಂದು ಗೆರೆ ಎಳೆದು, ಗಡಿಯಾರ ನೋಡಿ. ಕೆಲವು ಗಂಟೆ ಬಿಟ್ಟು ನೋಡಿದರೆ ಗೆರೆಯ ಒಳಗೆ ಏನೂ ಇರುವುದಿಲ್ಲ, ಬೆನ್ನಲ್ಲೋ ತೊಡೆಯಲ್ಲೋ ಹೊಸದು ಎದ್ದಿರುತ್ತದೆ. ಹಳೆಯದೇ ಓಡಾಡುತ್ತಿದೆ ಎಂದು ಅನಿಸುತ್ತದೆ, ಹಾಗಲ್ಲ. ಒಂದೇ ಗಂಧೆ 24 ಗಂಟೆ ಮೀರಿ ಅಲ್ಲೇ ಕೂತರೆ, ನೋವಾದರೆ, ಕಪ್ಪು ಕಲೆ ಉಳಿದರೆ ವೈದ್ಯರಿಗೆ ತೋರಿಸಬೇಕು. ಹೊಸ ಗಂಧೆ ಏಳುವುದು ಆರು ವಾರ ದಾಟಿದರೆ ಅವರು ಮಾತ್ರೆಯನ್ನು ಬಿಟ್ಟು ಬೇರೆ ಕಾರಣ ಹುಡುಕುತ್ತಾರೆ.

ಮೊದಲ ಮೂರು ದಿನ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. ದೊಡ್ಡ ಅಲರ್ಜಿ ಆ ಅವಧಿಯಲ್ಲಿ, ಆ ಮಾತ್ರೆಯನ್ನು ಮತ್ತೆ ನುಂಗದಿದ್ದರೂ, ಇನ್ನೊಮ್ಮೆ ಮರುಕಳಿಸಬಹುದು. ಗಂಧೆಯ ಜೊತೆ ಉಸಿರು ಕಟ್ಟಿದರೆ, ನಾಲಿಗೆ ಊದಿದರೆ, ತಲೆಸುತ್ತು ಬಂದರೆ, ಪದೇ ಪದೇ ವಾಂತಿಯಾದರೆ ತಡಮಾಡದೆ 108.

ಇನ್ನು ಮಾತ್ರೆಯ ಹೆಸರು. ಮುಂದೆ ಅದೇ ಔಷಧ ತಪ್ಪಿಯೂ ಹೊಟ್ಟೆಗೆ ಹೋಗದಂತೆ ಅದನ್ನು ಒಂದು ಚೀಟಿಯಲ್ಲಿ ಬರೆದು ಜೊತೆಗಿಟ್ಟುಕೊಳ್ಳಬೇಕು. ಒಂದೇ ಔಷಧವನ್ನು ಒಂದೊಂದು ಕಂಪನಿ ಒಂದೊಂದು ಹೆಸರಿನಲ್ಲಿ ಮಾರುತ್ತದೆ. ಹೊಸಪೇಟೆಯಲ್ಲಿ ಕೊಟ್ಟ ಹೆಸರು ಸಂಡೂರಿನ ಮೆಡಿಕಲ್ ಅಂಗಡಿಯಲ್ಲಿ ಇರಲಿಕ್ಕಿಲ್ಲ, ಕಂಪ್ಲಿಯಲ್ಲಿ ಮೂರನೆಯದೇ ಸಿಗಬಹುದು. ಹಾಗಾಗಿ ಚೀಟಿಯಲ್ಲಿ ಬರೆದಿಡಬೇಕಾದ್ದು ಪಟ್ಟಿಯ ಮೇಲೆ ದೊಡ್ಡದಾಗಿ ಮಿಂಚುವ ಹೆಸರಲ್ಲ, ಒಳಗಿನ ಔಷಧದ ಹೆಸರು. ನಮ್ಮ ಹುಡುಗನ ಚೀಟಿಯಲ್ಲಿ ಅಮಾಕ್ಸಿಸಿಲಿನ್ ಜೊತೆಗೆ ಪೆನಿಸಿಲಿನ್ ಅಂತಲೂ ಇರಬೇಕು, ಎರಡೂ ಒಂದೇ ಬಳಗ.