ಅಬಲೂರಿನಿಂದ ಓದು ಆರಂಭಿಸೋಣ



ಭಾರತದ ಇತಿಹಾಸ, ಸಂಸ್ಕೃತಿ, ಸಾಹಿತ್ಯ ತಿಳಿಯಬೇಕಾದರೆ ಏನನ್ನು ಓದಬೇಕು? ಇದು ಈ ದತ್ತಿ ಉಪನ್ಯಾಸಕ್ಕೆ ನನಗೆ ಒಪ್ಪಿಸಿದ ವಿಷಯ. ಈ ಪ್ರಶ್ನೆಗೆ ರೂಢಿಯ ಉತ್ತರವೊಂದಿದೆ. ನೆಹರೂ ಅಹಮದನಗರದ ಕೋಟೆಯ ಸೆರೆಯಲ್ಲಿ ಕುಳಿತು ಬರೆದ ‘ಡಿಸ್ಕವರಿ ಆಫ್ ಇಂಡಿಯಾ’, ಎ.ಎಲ್. ಬಾಶಮ್ 1954ರಲ್ಲಿ ಪ್ರಕಟಿಸಿದ ‘ದಿ ವಂಡರ್ ದಟ್ ವಾಸ್ ಇಂಡಿಯಾ’, ಅದಾದ ಎರಡು ವರ್ಷಕ್ಕೆ ಬಂದ ಡಿ.ಡಿ. ಕೊಸಾಂಬಿಯವರ ಗ್ರಂಥ, ಆಮೇಲೆ ರೋಮಿಲಾ ಥಾಪರ್. ಇವನ್ನೆಲ್ಲ ಓದಲೇಬೇಕು. ಬಾಶಮ್ಮರಲ್ಲಿ ಪ್ರೀತಿ ಇದೆ, ಕೊಸಾಂಬಿಯವರಲ್ಲಿ ಹೊಲದ ಮಣ್ಣನ್ನೂ ಹಳ್ಳಿಯ ದೇವತೆಯನ್ನೂ ಪುರಾವೆಯಾಗಿ ನೋಡುವ ಕಣ್ಣಿದೆ. ಆದರೆ ದೊಡ್ಡ ಪುಸ್ತಕಗಳು ಓದುಗನನ್ನು ಬೇಗ ಒಪ್ಪಿಸಿಬಿಡುತ್ತವೆ. ಒಪ್ಪುವ ಮೊದಲು ಎರಡನೆಯ ಸಾಕ್ಷಿಯನ್ನು ಕೇಳುವ ಅಭ್ಯಾಸ ನಮಗಿರಬೇಕು. ಆ ಅಭ್ಯಾಸಕ್ಕೆ ಬೇಕಾದ ಸಾಕ್ಷಿಗಳು ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಎಂಬ ನಮ್ಮ ಈ ನಾಲ್ಕು ತಾಲೂಕುಗಳಲ್ಲೇ ಇವೆ ಎಂಬುದು ನಾನು ಇಂದು ಹೇಳಬೇಕೆಂದಿರುವ ಮಾತು.

ಹಿರೇಕೆರೂರು ತಾಲೂಕಿನ ಅಬಲೂರಿಗೆ ಹೋಗೋಣ. ಅಲ್ಲಿನ ಸೋಮೇಶ್ವರ ಗುಡಿಯಲ್ಲಿ ಸುಮಾರು 1200ರ ಒಂದು ದೊಡ್ಡ ಶಾಸನವಿದೆ. ಆಳಂದದ ಪುರುಷೋತ್ತಮಭಟ್ಟ, ಪದ್ಮಾಂಬಿಕೆಯರ ಮಗ ರಾಮ, ಶಿವನೊಬ್ಬನನ್ನೇ ನೆಚ್ಚಿದ್ದರಿಂದ ಏಕಾಂತದ ರಾಮಯ್ಯನೆನಿಸಿ, ಪುಲಿಗೆರೆಯ ಸೋಮನಾಥನ ಅಪ್ಪಣೆ ಪಡೆದು ಅಬಲೂರಿಗೆ ಬರುತ್ತಾನೆ. ಊರಿನ ಜೈನ ಪ್ರಮುಖ ಸಂಕಗಾವುಂಡ ಮತ್ತು ಅವನ ಕಡೆಯವರೊಂದಿಗೆ ವಾದ ಬೆಳೆಯುತ್ತದೆ. ಪಂತವನ್ನು ಓಲೆಯಲ್ಲಿ ಬರೆಸಿಕೊಂಡು ರಾಮಯ್ಯ ತನ್ನ ತಲೆಯನ್ನು ತಾನೇ ಅರಿದು ಶಿವನಿಗೆ ಒಪ್ಪಿಸುತ್ತಾನೆ. ಏಳು ದಿನಗಳ ಮೇಲೆ ಆ ತಲೆ ಗಾಯದ ಗುರುತೂ ಇಲ್ಲದೆ ಮರಳಿ ಕೂಡುತ್ತದೆ. ಎದುರಾಳಿಗಳು ಮಾತಿಗೆ ತಪ್ಪಿದಾಗ ಅವನು ಜಿನಬಿಂಬವನ್ನು ಒಡೆಯುತ್ತಾನೆ. ದೂರು ಅರಸ ಬಿಜ್ಜಳನ ಆಸ್ಥಾನಕ್ಕೆ ಹೋಗುತ್ತದೆ. ಬಿಜ್ಜಳ ಓಲೆ ನೋಡಿ ರಾಮಯ್ಯನಿಗೆ ಜಯಪತ್ರ ಕೊಡುತ್ತಾನೆ. ಮುಂದೆ ಚಾಲುಕ್ಯ ನಾಲ್ವಡಿ ಸೋಮೇಶ್ವರನಿಂದಲೂ ಹಾನಗಲ್ಲ ಕದಂಬರ ಕಾಮದೇವನಿಂದಲೂ ಗುಡಿಗೆ ದತ್ತಿ ಸಲ್ಲುತ್ತದೆ.

ಈ ಶಾಸನವನ್ನು ಜೆ.ಎಫ್. ಫ್ಲೀಟ್ ‘ಎಪಿಗ್ರಾಫಿಯಾ ಇಂಡಿಕಾ’ದ 5ನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಬಿಜ್ಜಳನ ಕಾಲದ ಶೈವ ಏಳಿಗೆಯನ್ನು ಇಷ್ಟು ವಿವರವಾಗಿ ಹೇಳುವ ಕಲ್ಲು ಬಸವಣ್ಣನವರ ಹೆಸರನ್ನೇ ಎತ್ತುವುದಿಲ್ಲ ಎಂಬುದು ಫ್ಲೀಟರ ಕಣ್ಣಿಗೆ ಬಿತ್ತು. ಆ ಏಳಿಗೆಯ ನಿಜವಾದ ನಾಯಕ ಏಕಾಂತದ ರಾಮಯ್ಯನೇ ಇರಬೇಕು, ಬಸವಣ್ಣನವರ ಕಥೆ ಆಮೇಲೆ ಬೆಳೆದದ್ದು ಎಂಬ ಕಡೆಗೆ ಅವರ ತರ್ಕ ವಾಲಿತು. ಫ್ಲೀಟ್ ಸಾಮಾನ್ಯ ವಿದ್ವಾಂಸರಲ್ಲ. ಕನ್ನಡ ಜಿಲ್ಲೆಗಳ ರಾಜವಂಶಗಳ ಬಗ್ಗೆ ಅವರು ಮಾಡಿದ ಕೆಲಸದ ಮೇಲೆಯೇ ನಮ್ಮ ಇತಿಹಾಸದ ಕಟ್ಟಡ ನಿಂತಿದೆ. ಆದರೂ ಇಲ್ಲಿ ಅವರು ಕಲ್ಲಿನ ಮೌನವನ್ನು ಸಾಕ್ಷಿಯೆಂದು ಎಣಿಸಿದರು. ಅಬಲೂರಿನ ಶಾಸನ ಅಬಲೂರಿನ ಗುಡಿಗೆ ಬಂದ ದತ್ತಿಯ ದಾಖಲೆ. ಬಸವಣ್ಣನವರ ಕಲ್ಯಾಣದಲ್ಲಿ ನಡೆದದ್ದನ್ನೆಲ್ಲ ಹೇಳುವ ಹೊಣೆ ಅದಕ್ಕಿರಲಿಲ್ಲ. ಮುಂದೆ 1923ರಲ್ಲಿ ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಹೊರಬಂದು ವಚನಗಳೇ ಮಾತಾಡತೊಡಗಿದವು. ಬಸವಣ್ಣನವರನ್ನು ಹೆಸರಿಸುವ 1260ರ ಅರ್ಜುನವಾಡ ಶಾಸನವೂ ಬೆಳಕಿಗೆ ಬಂತು. ಫ್ಲೀಟರ ಲೇಖನವನ್ನೂ ಹಳಕಟ್ಟಿಯವರ ಸಂಪುಟವನ್ನೂ ಒಂದೇ ಮೇಜಿನ ಮೇಲಿಟ್ಟು ಓದಿದ ವಿದ್ಯಾರ್ಥಿಗೆ ಇತಿಹಾಸ ಬರೆಯುವವರ ಕಷ್ಟವೂ ಎಚ್ಚರವೂ ಒಟ್ಟಿಗೆ ತಿಳಿಯುತ್ತವೆ.

ಮೂರನೆಯದನ್ನೂ ಅದೇ ಮೇಜಿಗೆ ತನ್ನಿ. ಪಾಲ್ಕುರಿಕೆ ಸೋಮನಾಥನ ತೆಲುಗು ‘ಬಸವಪುರಾಣ’, ಅದರ ಬೆನ್ನಿಗೆ 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ‘ಬಸವಪುರಾಣ’ ಇದೇ ರಾಮಯ್ಯನ ಕಥೆ ಹೇಳುತ್ತವೆ. ಕಲ್ಲಿನಲ್ಲಿ ಓಲೆ, ಜಯಪತ್ರ, ಗ್ರಾಮದಾನ ಇವೆಲ್ಲ ವ್ಯವಹಾರದ ಭಾಷೆಯಲ್ಲಿವೆ. ಪುರಾಣದಲ್ಲಿ ಭಕ್ತಿಯೇ ಮುಂದು. ಪವಾಡವನ್ನು ನಂಬುವುದು ಬಿಡುವುದು ಓದುಗನಿಗೆ ಬಿಟ್ಟದ್ದು. ಆದರೆ ಒಂದು ಪವಾಡ ಅರಸನ ಆಸ್ಥಾನದಲ್ಲಿ ಕಾಗದಪತ್ರದ ವ್ಯಾಜ್ಯವಾಗಿ ತೀರ್ಮಾನವಾಯಿತೆಂದು ಬರೆಸಿಕೊಂಡ ಸಮಾಜ ಎಂಥದು ಎಂಬ ಪ್ರಶ್ನೆಯನ್ನು ಯಾವ ಓದುಗನೂ ಬಿಡಬಾರದು.

ಅಬಲೂರಿನ ಶಾಸನವನ್ನು ಬರೆಸಿದವರು ಗೆದ್ದವರು. ಸೋತವರ ಮಾತು ಅದರಲ್ಲಿಲ್ಲ. ಅದನ್ನು ಕೇಳಬೇಕಾದರೆ ಶಿಗ್ಗಾಂವಿ ತಾಲೂಕಿನ ಬಂಕಾಪುರಕ್ಕೆ ಬರಬೇಕು. ‘ಕವಿರಾಜಮಾರ್ಗ’ದ ಕಾಲದ ಅರಸ ಅಮೋಘವರ್ಷ ನೃಪತುಂಗ. ಅವನ ನೆಚ್ಚಿನ ದಂಡನಾಯಕ ಬಂಕೆಯ. ಬಂಕೆಯನ ಹೆಸರನ್ನೇ ಹೊತ್ತ ಊರು ಇದು. ಜಿನಸೇನರು ಆರಂಭಿಸಿದ ಸಂಸ್ಕೃತ ‘ಮಹಾಪುರಾಣ’ವನ್ನು ಅವರ ಶಿಷ್ಯ ಗುಣಭದ್ರರು ‘ಉತ್ತರಪುರಾಣ’ ಬರೆದು ಪೂರ್ಣಗೊಳಿಸಿದರು. ಗುಣಭದ್ರರ ಶಿಷ್ಯ ಲೋಕಸೇನರ ಪ್ರಶಸ್ತಿಯ ಪ್ರಕಾರ ಆ ಗ್ರಂಥಕ್ಕೆ ಪೂಜೆ ಸಂದದ್ದು ಶಕ 820ರಲ್ಲಿ, ಎಂದರೆ 898ರಲ್ಲಿ, ಬಂಕೆಯನ ಮಗ ಲೋಕಾದಿತ್ಯ ಆಳುತ್ತಿದ್ದ ಬಂಕಾಪುರದಲ್ಲಿ. ಭಾರತದ ಜೈನರೆಲ್ಲರಿಗೂ ಪೂಜ್ಯವಾದ ಗ್ರಂಥವೊಂದು ನಮ್ಮ ಬಂಕಾಪುರದಲ್ಲಿ ಗೌರವ ಪಡೆಯಿತು. ಪಂಪ 941ರಲ್ಲಿ ‘ಆದಿಪುರಾಣ’ ಬರೆದದ್ದು ಜಿನಸೇನರ ಭಾಗವನ್ನು ಆಧರಿಸಿ. ಚಾವುಂಡರಾಯನ ಗದ್ಯಪುರಾಣಕ್ಕೂ ಇದೇ ಮೂಲ. ರನ್ನ, ಚಾವುಂಡರಾಯ ಇಬ್ಬರಿಗೂ ಗುರುವಾಗಿದ್ದ ಅಜಿತಸೇನರ ಸನ್ನಿಧಿಯಲ್ಲಿ, ಇದೇ ಬಂಕಾಪುರದಲ್ಲಿ, ಗಂಗ ದೊರೆ ಮಾರಸಿಂಹ 974ರ ಸುಮಾರಿಗೆ ಸಲ್ಲೇಖನ ಹಿಡಿದು ದೇಹ ಬಿಟ್ಟ. ಅದನ್ನು ಹೇಳುವ ಶಾಸನ ಶ್ರವಣಬೆಳಗೊಳದಲ್ಲಿದೆ. ಹಾಗಾಗಿ ಹತ್ತನೆಯ ಶತಮಾನದ ಕನ್ನಡ ಕಾವ್ಯವನ್ನು ಓದುವವರು ಬಂಕಾಪುರವನ್ನು ದಾಟಿ ಹೋಗುವಂತಿಲ್ಲ. ಕೋಟೆಯೊಳಗಿನ ಅರವತ್ತು ಕಂಬದ ನಗರೇಶ್ವರ ಗುಡಿಯನ್ನೂ ನವಿಲುಗಳನ್ನೂ ನೋಡಿಬಂದವರು ಈ ಪ್ರಶಸ್ತಿಯನ್ನೂ ಒಮ್ಮೆ ಓದಲಿ. ಅಬಲೂರಿನ ಕಲ್ಲು ಯಾರನ್ನು ಎದುರಾಳಿಗಳೆಂದು ಬರೆಯಿತೋ ಅವರು ಈ ಸೀಮೆಯಲ್ಲಿ ಮೂರು ನೂರು ವರ್ಷ ಏನನ್ನು ಕಟ್ಟಿದ್ದರು ಎಂಬುದು ಆಗ ಕಾಣುತ್ತದೆ. ಧರ್ಮಧರ್ಮಗಳ ಜಗಳವನ್ನು ಒಂದೇ ಕಡೆಯಿಂದ ಓದಿ ಎದೆ ಉಬ್ಬಿಸಿಕೊಳ್ಳುವ ಇಂದಿನ ದಿನಗಳಲ್ಲಿ ಈ ಜೋಡಿ ಓದು ನಮ್ಮ ಮಕ್ಕಳಿಗೆ ತುರ್ತಾಗಿ ಬೇಕು.

ಹಾನಗಲ್ಲನ್ನು ಶಾಸನಗಳು ಪಾನುಂಗಲ್ಲು ಎನ್ನುತ್ತವೆ, ವಿರಾಟನ ಕೋಟೆ ಎಂದೂ ಕರೆಯುತ್ತವೆ. ಪಾಂಡವರು ಅಜ್ಞಾತವಾಸ ಕಳೆದ ಊರೆಂಬ ನಂಬಿಕೆ ಇಲ್ಲಿ ಎಂಟು ಶತಮಾನಗಳಿಗೂ ಹಳೆಯದು. ಮತ್ಸ್ಯದೇಶವನ್ನು ವಿದ್ವಾಂಸರು ರಾಜಸ್ಥಾನದ ಕಡೆ ತೋರಿಸುತ್ತಾರೆ. ಅದರಿಂದ ನಮ್ಮವರ ನಂಬಿಕೆ ಹಗುರವಾಗುವುದಿಲ್ಲ. ಮಹಾಭಾರತವನ್ನು ತಮ್ಮ ಊರಿಗೆ ಕರೆತಂದುಕೊಳ್ಳದ ಸೀಮೆ ಈ ದೇಶದಲ್ಲಿ ಅಪರೂಪ. ಕುಮಾರವ್ಯಾಸನ ವಿರಾಟಪರ್ವವನ್ನು ತಾರಕೇಶ್ವರ ಗುಡಿಯ ಅಂಗಳದಲ್ಲಿ ಕುಳಿತು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ನಡೆದ ಯುದ್ಧವೊಂದರ ದಾಖಲೆಯೂ ಹಾನಗಲ್ಲಿನಲ್ಲಿದೆ. 1196ರಲ್ಲಿ ಹೊಯ್ಸಳ ವೀರಬಲ್ಲಾಳ ಆನೆಕೆರೆಯ ಬಳಿ ಬೀಡು ಬಿಟ್ಟು ಕೋಟೆಗೆ ಮುತ್ತಿಗೆ ಹಾಕಿದ. ಕಾಮದೇವನ ದಂಡನಾಯಕ ಸೋಹಣಿ ಮತ್ತು ಅವನ ಮಗ ಪದ್ಮಯ್ಯ ಹೋರಾಡಿದರು, ಸೋಹಣಿ ಮಡಿದ. ಇದನ್ನು ಹೇಳುವುದು ಒಂದು ವೀರಗಲ್ಲು. ಕಾಮದೇವನೆಂದರೆ ಅಬಲೂರಿನ ಗುಡಿಗೆ ದತ್ತಿ ಕೊಟ್ಟ ಅದೇ ಕಾಮದೇವ. ಹೊಯ್ಸಳರ ಚರಿತ್ರೆ ಓದುವಾಗ ಬಲ್ಲಾಳನ ವಿಜಯಗಳು ಸಾಲುಸಾಲಾಗಿ ಬರುತ್ತವೆ. ಹಾನಗಲ್ಲಿನ ಕಲ್ಲು ಅವನನ್ನು ಆ ಸಲ ಹಿಮ್ಮೆಟ್ಟಿಸಿದವರ ಕಡೆಯಿಂದ ಮಾತಾಡುತ್ತದೆ. ಜಾರ್ಜ್ ಮೊರೇಸರ ‘ಕದಂಬ ಕುಲ’ (1931) ಈ ಮನೆತನವನ್ನು ತಿಳಿಯಲು ಇಂದಿಗೂ ಒಳ್ಳೆಯ ಬಾಗಿಲು. ಎಂ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ (1966) ಇನ್ನೂ ದೊಡ್ಡದು. ಅರಸರ ಪಟ್ಟಿಯಾಗಿದ್ದ ಶಾಸನಗಳಲ್ಲಿ ಸಾಮಾನ್ಯ ಜನರ ಬಾಳನ್ನು ಹುಡುಕುವುದು ಹೇಗೆಂದು ಅದು ಕಲಿಸಿತು. ಇಡೀ ಪಟ್ಟಿಯಲ್ಲಿ ಒಂದೇ ಪುಸ್ತಕ ಕೊಳ್ಳಲು ದುಡ್ಡಿದ್ದರೆ ಇದನ್ನು ಕೊಳ್ಳಿ ಎನ್ನುತ್ತೇನೆ.

ಸವಣೂರಿನ ನವಾಬರ ಚರಿತ್ರೆಯನ್ನು ಇಲ್ಲಿ ಬಿಡಿಸಲು ಸಮಯ ಸಾಲದು. 1756ರಲ್ಲಿ ಪೇಶ್ವೆ, ನಿಜಾಮ, ಫ್ರೆಂಚರ ಬುಸ್ಸಿ ಮೂವರೂ ಈ ಪುಟ್ಟ ಊರಿನ ಕೋಟೆಯ ಮುಂದೆ ಸೇರಿದ್ದರೆಂಬುದನ್ನು ನೆನೆದರೆ ಸಾಕು. ಆ ಶತಮಾನದ ಭಾರತದ ರಾಜಕಾರಣವೆಲ್ಲ ಅಲ್ಲಿ ಒಂದೆಡೆ ಕಾಣುತ್ತದೆ. ಉತ್ತರಾದಿಮಠದ ಸತ್ಯಬೋಧತೀರ್ಥರ ವೃಂದಾವನವೂ ಇರುವ ನವಾಬರ ಊರು ಅದು. ಅಲ್ಲಿ 1909ರಲ್ಲಿ ಹುಟ್ಟಿದ ವಿ.ಕೃ. ಗೋಕಾಕರು ವಿಶ್ವಾಮಿತ್ರನನ್ನು ನಡುವಿಟ್ಟು ವೇದಕಾಲದ ಭಾರತವನ್ನು ‘ಭಾರತ ಸಿಂಧು ರಶ್ಮಿ’ಯಲ್ಲಿ ಕಂಡರು. ಜ್ಞಾನಪೀಠದ ಹೆಸರಿನಿಂದ ಎಲ್ಲರಿಗೂ ಅದು ಗೊತ್ತು, ಓದಿದವರು ಕಡಿಮೆ. ಆರ್ಯ-ದ್ರಾವಿಡ ವಾದಗಳು ಮತ್ತೆ ಕಾವೇರುವಾಗ ಆ ಮಹಾಕಾವ್ಯದ ಸಮನ್ವಯದ ಕನಸನ್ನೂ ಕೊಸಾಂಬಿಯವರ ಕಠಿಣ ವಿಶ್ಲೇಷಣೆಯನ್ನೂ ಎದುರುಬದುರು ಇಟ್ಟು ಓದಬೇಕು. ಇಬ್ಬರಲ್ಲಿ ನನ್ನ ಮನಸ್ಸು ಕೊಸಾಂಬಿಯವರ ಕಡೆಗಿದೆ. ಆದರೆ ಗೋಕಾಕರನ್ನು ಓದದೆ ಹಾಗೆನ್ನುವ ಹಕ್ಕು ನನಗಿಲ್ಲ.

ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರ ‘ರಾಮಧಾನ್ಯಚರಿತೆ’ ಒಂದೇ ಸಂಜೆಯಲ್ಲಿ ಮುಗಿಯುವ ಕಾವ್ಯ. ಭತ್ತ ಮತ್ತು ರಾಗಿ ತಾವೇ ಹೆಚ್ಚೆಂದು ಜಗಳಾಡುತ್ತವೆ, ರಾಮ ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ, ಕೆಡದೆ ಉಳಿದದ್ದು ರಾಗಿ. ಜೋಳದ ಸೀಮೆಯಲ್ಲಿ ಹುಟ್ಟಿದ ಕವಿ ರಾಗಿಯ ಪರ ವಾದಿಸಿದ್ದು ನನಗೆ ಬಹಳ ಇಷ್ಟ. ಜಾತಿಯ ಇತಿಹಾಸದ ಬಗ್ಗೆ ಎಷ್ಟು ಗ್ರಂಥ ಓದಿದರೂ ಕೆಳಗಿಟ್ಟವರ ಸಿಟ್ಟು ಇಲ್ಲಿ ಸಿಕ್ಕಷ್ಟು ನೇರವಾಗಿ ಸಿಗಲಾರದು. ಹಿರೇಕೆರೂರು ಸೀಮೆಯವನೆಂದು ನಾವು ಅಭಿಮಾನಪಡುವ ಸರ್ವಜ್ಞನನ್ನು ಓದುವಾಗ 1924ರಲ್ಲಿ ಅವನ ವಚನಗಳನ್ನು ಸಂಪಾದಿಸಿ ಕೊಟ್ಟ ಉತ್ತಂಗಿ ಚನ್ನಪ್ಪನವರನ್ನು ನೆನೆಯಿರಿ. ಕ್ರೈಸ್ತ ಪಾದ್ರಿಯೊಬ್ಬರು ಹಸ್ತಪ್ರತಿ ಕೂಡಿಸದಿದ್ದರೆ ನಮ್ಮ ಬಾಯಿಪಾಠದ ತ್ರಿಪದಿಗಳಲ್ಲಿ ಎಷ್ಟು ಕಳೆದುಹೋಗುತ್ತಿದ್ದವೋ! ಶಿಶುನಾಳದ ಷರೀಫರನ್ನು (1819–1889) ಹಾಡಿ ಕೇಳಿದ್ದೇವೆ, ಆದರೆ ಕುಳಿತು ಓದಿದ್ದು ಕಡಿಮೆ. ಕಳಸದ ಗೋವಿಂದಭಟ್ಟರ ಶಿಷ್ಯನಾದ ಆ ಮುಸಲ್ಮಾನ ಕವಿಯ ತತ್ವಪದಗಳನ್ನು ಬಸವಪುರಾಣ ಗೊತ್ತಿದ್ದವರು ಓದಿದರೆ ಅಬಲೂರಿನ ಜಗಳದ ಏಳು ನೂರು ವರ್ಷಗಳ ಮೇಲೆ ಇದೇ ಸೀಮೆ ಏನನ್ನು ಹಾಡಿತೆಂಬುದು ತಿಳಿಯುತ್ತದೆ.

ಹಿರೇಕೆರೂರು ತಾಲೂಕಿನ ಸಾತೇನಹಳ್ಳಿಯ ಶಾಂತಕವಿಗಳು ಮರಾಠಿ ನಾಟಕಗಳ ಅಬ್ಬರದ ನಡುವೆ ಕನ್ನಡ ರಂಗಭೂಮಿ ಕಟ್ಟಿದರು. ಹಾವೇರಿ ಸೀಮೆಯ ಗಳಗನಾಥರು ತಾವು ಬರೆದ ಐತಿಹಾಸಿಕ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಓದುಗರನ್ನು ಹುಡುಕಿಕೊಂಡು ಹೋಗುವ ಆ ಕೆಲಸ ಈಗ ನಮ್ಮ ಪಾಲಿಗೆ ಬಂದಿದೆ. ಈ ದತ್ತಿಯ ಬಡ್ಡಿಯಲ್ಲಿ ಒಂದು ಪಾಲನ್ನು ತೆಗೆದು ಅಬಲೂರಿನ ಶಾಸನದ ಪಾಠ, ಅದರ ಹೊಸಗನ್ನಡ ಅರ್ಥ, ಉತ್ತರಪುರಾಣದ ಪ್ರಶಸ್ತಿಯ ಅನುವಾದ, ಹಾನಗಲ್ಲಿನ ವೀರಗಲ್ಲಿನ ಪಾಠ ಇವಿಷ್ಟನ್ನು ಒಂದು ಸಣ್ಣ ಪುಸ್ತಿಕೆಯಾಗಿ ಅಚ್ಚು ಹಾಕಿಸಬೇಕೆಂದು ದತ್ತಿದಾನಿಗಳಲ್ಲಿ ಕೇಳಿಕೊಳ್ಳುತ್ತೇನೆ. ನಾಲ್ಕೂ ತಾಲೂಕುಗಳ ಪ್ರತಿ ಪ್ರೌಢಶಾಲೆಗೆ ಒಂದೊಂದು ಪ್ರತಿ ಮುಟ್ಟಲಿ. ಹಳಗನ್ನಡ ಬಲ್ಲ ಶಿಕ್ಷಕರು ತಿಂಗಳಿಗೊಂದು ಶನಿವಾರ ಮಕ್ಕಳನ್ನು ಕೂರಿಸಿಕೊಂಡು ಅದನ್ನು ಓದಿಸಲು ಮುಂದೆ ಬರುವುದಾದರೆ ಮೊದಲ ಶನಿವಾರದ ಪಾಠವನ್ನು ಅಬಲೂರಿನಲ್ಲೇ ಮಾಡಲು ನಾನು ಸಿದ್ಧನಿದ್ದೇನೆ.